ಸತ್ತ ನೀರಿನ ದಿನಗಳು

ದಾರ್ ಎಸ್ ಸಲಾಮ್
18 ಜನವರಿ 2023

ಪ್ರೀತಿಯ ಮೀಜೆ,

ಆಯ್ಕೆಯಾದ ಒಂಬತ್ತು ಜನರಲ್ಲಿ ನಿನ್ನ ಹೆಸರಿದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ. ನಿನ್ನಂತೆ ಹದಿನೇಳನೇ ವಯಸ್ಸಿನಲ್ಲಿ ನಾನಾಗಿದ್ದರೆ ಇದು ಕಣ್ಣಿಗೆ ಬೀಳುವವರೆಗೆ ಬೇರೇನನ್ನೂ ಓದುತ್ತಿರಲಿಲ್ಲ.

ನಾನು ರಾಯಾ ಸುಲೇಮಾನ್. ಎಳೆಯರ ಹವಾಮಾನ ಸ್ಪರ್ಧೆಯಲ್ಲಿ ನಿನಗೆ ಮಾರ್ಗದರ್ಶಿ. ಜುಲೈಯಲ್ಲಿ ತೀರ್ಪುಗಾರರು ನಿಮ್ಮೂರಿಗೆ ಬಂದು ನಿನ್ನ ಉಪಾಯವನ್ನು ಕಣ್ಣಾರೆ ನೋಡುತ್ತಾರೆ. ಅಲ್ಲಿಯವರೆಗೆ ನೀನು ತಿಂಗಳಿಗೊಂದು ಪತ್ರ ಬರೆಯಬೇಕು, ಕೈಬರಹದಲ್ಲಿ. ಇದು ನನ್ನ ಹಟ. ಕಳೆದ ವರ್ಷ ಫೋನಿನಲ್ಲಿ ಚಿತ್ರ ಕಳಿಸಿದ ಮಕ್ಕಳು ಗೆದ್ದದ್ದನ್ನು ಮಾತ್ರ ತೋರಿಸಿದರು. ಕೆಟ್ಟದ್ದು ನನಗೆ ಗೊತ್ತಾಗಲೇ ಇಲ್ಲ.

ಬೇರೆಯವರ ಅರ್ಜಿಗಳು ಹತ್ತು ಹತ್ತು ಪುಟ ಇದ್ದವು. ನಿನ್ನದು ಎರಡೇ ಸಾಲು. ‘ಬಿಸಿ ನೀರಿನಲ್ಲಿ ಅಮ್ಮನ ಕಡಲಪಾಚಿ ಸಾಯುತ್ತಿದೆ. ತಣ್ಣನೆಯ ನೀರು ಎಲ್ಲಿದೆ ಎಂದು ನನಗೆ ಗೊತ್ತು.’ ಸಮಿತಿಯಲ್ಲಿ ಒಬ್ಬರು ನಕ್ಕರು. ನಾನು ನಗಲಿಲ್ಲ.

ಉಳಿದದ್ದನ್ನು ಈಗ ಬರೆ. ಅವಸರವಿಲ್ಲ.

ನಿನ್ನ,
ರಾಯಾ


ಕಿಸಿಮಾನಿ, ಜಂಜಿಬಾರ್
29 ಜನವರಿ 2023

ಬೀ ರಾಯಾ ಅವರಿಗೆ, ಶಿಕಮೂ.

ನಿಮ್ಮ ಪತ್ರ ತಂದುಕೊಟ್ಟದ್ದು ವ್ಯಾನಿನ ಕಂಡಕ್ಟರ್. “ದಾರ್‌ನಿಂದ ಯಾರೇ ನಿಂಗೆ ಬರೆಯೋರು? ಮದುವೆ ಗಿದುವೆನಾ?” ಎಂದು ಇಡೀ ವ್ಯಾನಿಗೆ ಕೇಳುವಂತೆ ಕೂಗಿದ. ಸ್ಪರ್ಧೆ ಎಂದೆ. “ಓಟದ್ದಾ? ಹಂಗಾದ್ರೆ ಓಡು, ಶಾಲೆ ಗಂಟೆ ಹೊಡೀತು” ಎಂದ.

ನಮ್ಮ ಕೆಲಸ ಹೀಗೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ತುಂಬ ದೂರ ಹಿಂದಕ್ಕೆ ಸರಿಯುತ್ತದೆ. ಆಗ ಹೆಂಗಸರೆಲ್ಲ ನಡೆದುಕೊಂಡು ಹೋಗಿ, ಮರಳಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು, ಹಗ್ಗಕ್ಕೆ ಪಾಚಿಯ ಸಸಿ ಕಟ್ಟುತ್ತೇವೆ. ಮುಂದಿನ ದೊಡ್ಡ ಇಳಿತದಲ್ಲಿ ಕಳೆ ತೆಗೆಯುತ್ತೇವೆ, ಅದರಾಚೆಯದರಲ್ಲಿ ಕೊಯ್ಯುತ್ತೇವೆ. ಈಗ ಬಿಸಿಲು ಕಾಲದಲ್ಲಿ ಅಲ್ಲಿ ನಿಂತ ನೀರಿಗೆ ಸಕ್ಕರೆ, ಏಲಕ್ಕಿ ಹಾಕಿದರೆ ಚಹಾ ಆಗುತ್ತದೆ. ದಪ್ಪ ಪಾಚಿಗೆ ಒಳ್ಳೆಯ ಬೆಲೆ, ಆದರೆ ಅದು ಬೆಳ್ಳಗಾಗಿ, ಮುಟ್ಟಿದರೆ ಮುರಿದು, ತೇಲಿ ಹೋಗುತ್ತದೆ. ಮೂರು ವರ್ಷದಿಂದ ಹೀಗೇ. ಅಮ್ಮ ಹೇಳಿದಳು, “ಇನ್ನೊಂದು ವರ್ಷ ನೋಡ್ತೀನಿ. ಆಮೇಲೆ ಹಗ್ಗ ಸುತ್ತಿ ಅಟ್ಟಕ್ಕೆ, ಗೂಟ ಒಲೆಗೆ.” ಅಮ್ಮ ಸುಮ್ಮನೆ ಹೇಳುವವಳಲ್ಲ.

ಒಬ್ಬೊಬ್ಬರೂ ಪಾಚಿ ಬೆಳೆಯುವ ಜಾಗಕ್ಕೆ ನಾವು ತುಂಡು ಎನ್ನುತ್ತೇವೆ. ನಮ್ಮ ತುಂಡುಗಳ ಆಚೆ ಒಂದು ಆಳದ ಕಾಲುವೆಯಿದೆ. ಅದರ ಅಂಚಿನಲ್ಲಿ ನಿಂತರೆ ಪಾದ ತಣ್ಣಗಾಗುತ್ತದೆ. ಹಳೆಯ ಮೀನುಬಲೆಯನ್ನು ಉದ್ದ ಚೀಲದಂತೆ ಹೊಲಿದು, ಒಳಗೆ ಸಸಿ ತುಂಬಿ, ಖಾಲಿ ಬಾಟಲಿಗಳ ತೇಲುಗಟ್ಟಿ ಅಲ್ಲಿ ನೇತುಹಾಕಬೇಕೆಂದಿದ್ದೇನೆ.

ಗೆದ್ದವರಿಗೆ ಕೆಲಸಕ್ಕೆ ಬೇಕಾದ ಒಂದು ಸಾಧನ ಕೊಡುತ್ತಾರೆಂದು ಓದಿದೆ. ನನಗೆ ಬೇಕಾದದ್ದು ಒಂದು ಸಣ್ಣ ದೋಣಿ. ತುಂಬಿದ ಚೀಲಗಳು ಹೆಣಭಾರ, ದೋಣಿಯಿಲ್ಲದೆ ಹತ್ತು ಹನ್ನೆರಡರ ಮೇಲೆ ಸಾಗಿಸಲಾಗದು. ನಮ್ಮೂರಲ್ಲಿ ದೋಣಿಗಳೆಲ್ಲ ಗಂಡಸರವು. ಅವರಿಗೆ ಪಾಚಿಯೆಂದರೆ ಹೆಂಗಸರ ಆಟ.

ವಸ್ಸಲಾಮ್,
ಮೀಜೆ ಹಾಜಿ


ದಾರ್ ಎಸ್ ಸಲಾಮ್
9 ಫೆಬ್ರುವರಿ 2023

ಪ್ರೀತಿಯ ಮೀಜೆ,

ನಿನ್ನ ಶಿಕಮೂ ನಮಸ್ಕಾರಕ್ಕೆ ನನ್ನ ಮರಹಬಾ. ನಿನ್ನ ಚಹಾವನ್ನು ಕಚೇರಿಯಲ್ಲಿ ಓದಿ ಹೇಳಿದೆ. ಅಮ್ಮನ ಮಾತನ್ನು ಹೇಳಲಿಲ್ಲ.

ಈಗ ಮಾರ್ಗದರ್ಶಿಯ ಕೆಲಸ. ಬಲೆಚೀಲದಲ್ಲಿ ಪಾಚಿ ಬೆಳೆಸುವುದನ್ನು ಬೇರೆ ಕಡೆಗಳಲ್ಲಿ ಮಾಡಿ ನೋಡಿದ್ದಾರೆ. ಹಾಗಾದರೆ ಇದರಲ್ಲಿ ನಿನ್ನದು ಯಾವುದು? ಇದು ತಗಾದೆಯಲ್ಲ, ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆ. ಕಾಲುವೆಯ ಆಳ ಎಷ್ಟು? ನೀರಿನ ಬಿಸಿ ಅಳೆದೆಯಾ? ಅಷ್ಟು ಆಳದಲ್ಲಿ ಇಳಿದು ಕಟ್ಟುವವರು ಯಾರು? ಏಳನೇ ನಿಯಮವನ್ನು ಇನ್ನೊಮ್ಮೆ ಓದು. ಜೀವಕ್ಕೆ ಅಪಾಯವಿರುವ ಪ್ರಯೋಗವನ್ನು ಸ್ಪರ್ಧೆಯಿಂದ ಕೈಬಿಡುತ್ತಾರೆ.

ಓದಿ ನೋಡಿದರೆ ಈ ಪತ್ರ ಪರೀಕ್ಷೆಯ ಕಾಗದದಂತಿದೆ. ಹಾಗಿರಬಾರದಿತ್ತು. ಆದರೂ ಕಳಿಸುತ್ತಿದ್ದೇನೆ.

ರಾಯಾ


ಕಿಸಿಮಾನಿ
11 ಮಾರ್ಚ್ 2023

ಬೀ ರಾಯಾ ಅವರಿಗೆ, ಶಿಕಮೂ.

ಆಳ: ಇಳಿತದಲ್ಲಿ ಒಂದೂವರೆ ಆಳು. ಬಿಸಿ: ಅಮ್ಮನ ತುಂಡಿನಲ್ಲಿ ಮಧ್ಯಾಹ್ನ 36 ಡಿಗ್ರಿ, ಕಾಲುವೆಯಲ್ಲಿ 28 (ಶಾಲೆಯ ಥರ್ಮಾಮೀಟರ್). ಹನ್ನೆರಡು ಚೀಲಗಳನ್ನು ಕಟ್ಟಲಾಯಿತು. ಮೂರು ಹರಿದವು, ಒಂದರಲ್ಲಿದ್ದದ್ದನ್ನು ಮೀನು ತಿಂದಿತು. ಎಂಟನ್ನು ಮತ್ತೆ ಇಳಿಸಲಾಯಿತು. ಫೂಮ್ ತಾತನ ದೋಣಿಯನ್ನು ಅಣ್ಣ ಮಕಾಮೆ ಎರಡು ದಿನಕ್ಕೆ ಕೇಳಿ ತಂದುಕೊಟ್ಟ. ಜೀವಕ್ಕೆ ಅಪಾಯ: ಇಲ್ಲ.

ವಸ್ಸಲಾಮ್,
ಮೀಜೆ ಹಾಜಿ


ದಾರ್ ಎಸ್ ಸಲಾಮ್
20 ಮಾರ್ಚ್ 2023

ಪ್ರೀತಿಯ ಮೀಜೆ,

ಅಂಕಿಗಳು ಚೆನ್ನಾಗಿವೆ. ಹರಿದದ್ದನ್ನೂ ಬರೆದಿದ್ದೀಯಲ್ಲ, ಅದು ಇನ್ನೂ ಚೆನ್ನಾಗಿದೆ. ಆದರೆ ನಿನ್ನ ಈ ಪತ್ರದಲ್ಲಿ ಜನರೇ ಇಲ್ಲ. ಚೀಲಗಳನ್ನು ‘ಕಟ್ಟಲಾಯಿತು’, ‘ಇಳಿಸಲಾಯಿತು’. ಯಾರು ಕಟ್ಟಿದರು? ಯಾರು ಇಳಿಸಿದರು? ಒಂದೂವರೆ ಆಳು ನೀರು, ನಿಮ್ಮೂರಿನ ಹೆಂಗಸರಿಗೆ ಈಜು ಬರುತ್ತದೆಂದು ನಾನು ಕೇಳಿಲ್ಲ, ದೋಣಿ ತಂದವನು ಮಕಾಮೆ. ಇವಿಷ್ಟನ್ನೂ ಒಟ್ಟಿಗಿಟ್ಟು ನೋಡಿದೆ.

ಕೆಲಸ ನಿನ್ನ ಅಣ್ಣನದಾಗಿದ್ದರೆ ಹೇಳಿಬಿಡು, ನಾಚಿಕೆಯೇನಿಲ್ಲ. ಅವನಿಗೂ ಇಪ್ಪತ್ತು ತುಂಬಿರಲಿಕ್ಕಿಲ್ಲ. ಅವನ ಹೆಸರನ್ನೂ ಸೇರಿಸೋಣ. ಮುಚ್ಚಿಟ್ಟರೆ ಆಮೇಲೆ ನಿನಗೇ ತೊಂದರೆ.

ರಮ್ಜಾನ್ ಬರುತ್ತಿದೆ. ಮನೆಯವರಿಗೆಲ್ಲ ನನ್ನ ಸಲಾಂ.

ರಾಯಾ


ದಾರ್ ಎಸ್ ಸಲಾಮ್
19 ಏಪ್ರಿಲ್ 2023

ಪ್ರೀತಿಯ ಮೀಜೆ,

ಈ ತಿಂಗಳು ಪತ್ರ ಬರಲಿಲ್ಲ. ಉಪವಾಸ, ಮಳೆ, ಶಾಲೆ ಎಂದು ನನಗೆ ನಾನೇ ಕಾರಣ ಹೇಳಿಕೊಳ್ಳುತ್ತಿದ್ದೇನೆ. ಹುಷಾರಾಗಿದ್ದೀಯ ತಾನೆ? ಎರಡು ಸಾಲು ಸಾಕು. ಒಮ್ಮೆ ಎರಡೇ ಸಾಲಿನಲ್ಲಿ ಎಲ್ಲ ಹೇಳಿದವಳು ನೀನು.

ಈದ್ ಶುಭಾಶಯಗಳು.

ರಾಯಾ


ಕಿಸಿಮಾನಿ
6 ಮೇ 2023

ಬೀ ರಾಯಾ ಅವರಿಗೆ, ಶಿಕಮೂ.

ಹುಷಾರಾಗಿದ್ದೇನೆ. ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ದೊಡ್ಡವರಿಗೆ ಪತ್ರ ಬರೆಯಬಾರದೆಂದು ಬೀಬಿ ಹೇಳಿದಳು. ಬೀಬಿ ಎಂದರೆ ನನ್ನ ಅಜ್ಜಿ ತಾತು. ಊರಿಗೆಲ್ಲ ಅವಳು ಬೀಬಿಯೇ. ಉಪವಾಸ ಮುಗಿದು, ಈದ್ ಮುಗಿದು, ಮಳೆಯೂ ಹಿಡಿಯಿತು. ಇನ್ನೂ ಸ್ವಲ್ಪ ಸಿಟ್ಟಿದೆ.

ಮಕಾಮೆ ಅಣ್ಣನಿಗೆ ಪಾಚಿಯ ತುದಿ ಯಾವುದು, ಬುಡ ಯಾವುದು ಗೊತ್ತಿಲ್ಲ. ದೋಣಿ ಕೇಳಿ ತಂದವನು ದಡದಲ್ಲಿ ಕೂತು ಕಸಾವ ತಿಂದ. ಇಳಿದು ಕಟ್ಟಿದ್ದು ನಾವು ಏಳು ಜನ. ಬೀಬಿ, ನಾನು, ಕಜೀಜಾ ಚಿಕ್ಕಮ್ಮ, ಇನ್ನು ನಾಲ್ವರು.

ನಮಗೆ ಈಜು ಬರುತ್ತದೆ. ಡಿಸೆಂಬರ್‌ನಿಂದ ಕಲಿಯುತ್ತಿದ್ದೇವೆ. ಕಲಿಸಿದವಳು ಬೀಬಿ. ಅವಳು ಪಕ್ಕದ ದ್ವೀಪದವಳು. “ನನ್ನ ಮದುವೆ ದಿಬ್ಬಣದ ದೋಣಿ ಮಗುಚಿತು. ಈಜ್ಕೊಂಡು ಬಂದು ನಿಕಾಹ್‌ಗೆ ಕೂತೆ. ಆವತ್ತೇ ನಿಮ್ಮಜ್ಜ ಹೆದರಿ ಓಡಬೇಕಿತ್ತು, ಪಾಪ, ಓಡಲಿಲ್ಲ” ಎನ್ನುತ್ತಾಳೆ.

ಬೆಳಗಿನ ನಮಾಜ್ ಮುಗಿಸಿ, ಕಾಂಡ್ಲಾ ಗಿಡಗಳ ಮರೆಗೆ ಹೋಗುತ್ತೇವೆ. ಉದ್ದಂಗಿಯ ಒಳಗೆ ಹಾಕಿಕೊಳ್ಳಲು ದಪ್ಪ ಬಟ್ಟೆಯ ಪೈಜಾಮ ಹೊಲಿದುಕೊಂಡಿದ್ದೇವೆ. ಒಬ್ಬೊಬ್ಬರ ಎದೆಗೂ ಒಂದು ಖಾಲಿ ಎಣ್ಣೆ ಡಬ್ಬ, ಹಳದಿಯದು. ಕಜೀಜಾ ಚಿಕ್ಕಮ್ಮ ಮೊದಲ ದಿನ ಡಬ್ಬ ತಬ್ಬಿಕೊಂಡು, “ನನ್ ಗಂಡನ್ನೂ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿಲ್ಲ ಕಣೇ” ಎಂದಳು. ಬೀಬಿ, “ಅದಕ್ಕೇ ಅವನು ತೇಲಿ ಹೋದ” ಎಂದಳು. ನಕ್ಕು ನಕ್ಕು ಎಲ್ಲರೂ ಉಪ್ಪುನೀರು ಕುಡಿದೆವು.

ನಿಮಗೆ ಯಾಕೆ ಬರೆಯಲಿಲ್ಲವೆಂದರೆ ಏಳನೇ ನಿಯಮ. ಹೆಂಗಸರು ಈಜುತ್ತಾರೆ ಎಂದರೆ ನೀವು ಅಪಾಯ ಎಂದು ಬರೆದುಬಿಡುತ್ತೀರಿ ಎಂದುಕೊಂಡೆ. ಅಮ್ಮನಿಗೂ ಹೇಳಿಲ್ಲ. ಒದ್ದೆ ಬಟ್ಟೆಯಲ್ಲಿ ಮಗಳು ನೀರಿನಿಂದ ಎದ್ದು ಬರುವುದನ್ನು ಊರು ನೋಡಿದರೆ ಅಮ್ಮ ತಲೆಯೆತ್ತಲಾರಳು. ಚಿಪ್ಪು ಆರಿಸಲು ಹೋಗುತ್ತೇವೆ ಎಂದು ಹೇಳಿದ್ದೇವೆ. ಹಾಗಾಗಿ ದಿನವೂ ಒಂದಷ್ಟು ಚಿಪ್ಪು ಆರಿಸಲೇಬೇಕು. “ಎರಡು ಗಂಟೆ ಹೊತ್ತು ಏಳು ಜನ ಸೇರಿ ಇಷ್ಟೇನಾ? ಕೋಳಿಗೆ ಬಿಟ್ಟಿದ್ರೆ ಜಾಸ್ತಿ ತರ್ತಿತ್ತು” ಎಂದು ಅಮ್ಮ ಬೈಯುತ್ತಾಳೆ.

ಇದರಲ್ಲಿ ನನ್ನದು ಯಾವುದು ಎಂದು ಕೇಳಿದ್ದಿರಿ. ಬಲೆಚೀಲ ನನ್ನದಲ್ಲ. ಈಜು ಬೀಬಿಯದು. ಎರಡನ್ನೂ ಸೇರಿಸಿದ್ದು ನಾನು. ಸಾಕಾ?

ವಸ್ಸಲಾಮ್,
ಮೀಜೆ


ದಾರ್ ಎಸ್ ಸಲಾಮ್
16 ಮೇ 2023

ಪ್ರೀತಿಯ ಮೀಜೆ,

ಸಾಕು. ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ನನ್ನನ್ನು ಕ್ಷಮಿಸು. ಎಳೆಯರು ತಾವೇ ಹೊಸದನ್ನು ಯೋಚಿಸಬೇಕು ಎಂದು ವರ್ಷವಿಡೀ ವೇದಿಕೆಗಳಲ್ಲಿ ಹೇಳುತ್ತೇನೆ. ಒಬ್ಬಳು ಯೋಚಿಸಿದಾಗ, ಇದರ ಹಿಂದೆ ಯಾವ ಗಂಡಸಿದ್ದಾನೆ ಎಂದು ಹುಡುಕಿದೆ. ಯಾರೋ ಕಲಿಸಿದ್ದಲ್ಲ ಅದು, ನನ್ನೊಳಗಿನಿಂದಲೇ ಬಂದದ್ದು. ಹಾಗಾಗಿ ಬೇರೆಯವರನ್ನು ದೂರಿ ಹಗುರಾಗುವಂತೆಯೂ ಇಲ್ಲ.

ಏಳನೇ ನಿಯಮದ ಬಗ್ಗೆ ಸಮಿತಿಗೆ ಹೀಗೆ ಬರೆದೆ: ‘ಈಜು ಬಾರದವರು ಆಳಕ್ಕಿಳಿದರೆ ಅಪಾಯ, ಬರುವವರು ಇಳಿದರೆ ಕೆಲಸ.’ ಒಪ್ಪಿದ್ದಾರೆ. ಒಂದೇ ಷರತ್ತು, ಡಬ್ಬವಿಲ್ಲದೆ ಯಾರೂ ಇಳಿಯಬಾರದು, ಬೀಬಿಯೂ ಸೇರಿ. ಅವರು ಗೊಣಗಿದರೆ ನನ್ನ ಹೆಸರು ಹೇಳು.

ಅಮ್ಮನಿಗೆ ಹೇಳುವುದು ಬಿಡುವುದು ನಿನ್ನದು. ನಾನು ಹೇಳಿಕೊಡುವುದಿಲ್ಲ.

ತೀರ್ಪುಗಾರರು ಬರುವ ದಿನ ನಿಗದಿಯಾಯಿತು. ಜುಲೈ 7ರ ಸಬಾಸಬಾ ರಜೆ ಕಳೆದ ಮೇಲಿನ ಸೋಮವಾರ, ಜುಲೈ 10. ಎಲ್ಲರಿಗೂ ಅನುಕೂಲವಾಗಲೆಂದು ನಾನೇ ಆರಿಸಿದ ದಿನ. ಮಾರ್ಗದರ್ಶಿಗಳು ಜೊತೆಗೆ ಬರುವಂತಿಲ್ಲ. ಏನು ನಡೆಯಿತೆಂದು ನೀನೇ ನನಗೆ ಬರೆಯಬೇಕು.

ರಾಯಾ


ಕಿಸಿಮಾನಿ
30 ಮೇ 2023

ಬೀ ರಾಯಾ ಅವರಿಗೆ, ಶಿಕಮೂ.

ಜುಲೈ 10 ಎಂದು ಓದಿ ಹೇಳಿದೆ. ಬೀಬಿ ಬೆರಳು ಮಡಚಿ ಎಣಿಸಿದಳು. ಆಮೇಲೆ ಇನ್ನೊಮ್ಮೆ ಎಣಿಸಿದಳು. “ಆವತ್ತು ಸತ್ತ ನೀರು. ಈ ದಿನ ಗೊತ್ತು ಮಾಡ್ದೋರು ಯಾರು?” ಎಂದಳು. ನೀವೇ ಎಂದೆ. “ಅವರ ಮನೆ ಮೇಲೆ ಚಂದ್ರ ಬರಲ್ವಾ?” “ದಾರ್‌ನಲ್ಲಿ ಚಂದ್ರನಿಗೂ ರಜಾ ಕೊಟ್ಟಿರ್ತಾರೆ ಬಿಡು” ಎಂದಳು ಕಜೀಜಾ ಚಿಕ್ಕಮ್ಮ.

ನಗುವ ಮಾತಲ್ಲ ಬೀ ರಾಯಾ. ಅರ್ಧ ಚಂದ್ರನ ದಿನಗಳಲ್ಲಿ ಕಡಲು ಹಿಂದೆ ಸರಿಯುವುದೇ ಇಲ್ಲ. ಸುಮ್ಮನೆ ಬಿದ್ದುಕೊಂಡಿರುತ್ತದೆ. ಅದಕ್ಕೇ ಸತ್ತ ನೀರು ಎನ್ನುವುದು. ತಿಂಗಳಲ್ಲಿ ಅರ್ಧದಷ್ಟು ದಿನ ಹೀಗೇ, ಆಗ ಯಾವ ಹೆಂಗಸೂ ಕೆಲಸಕ್ಕೆ ಹೋಗುವುದಿಲ್ಲ. ದೊಡ್ಡ ಇಳಿತವಿದ್ದರೆ ತೀರ್ಪುಗಾರರನ್ನು ಕಾಲುವೆಯ ಅಂಚಿನವರೆಗೆ ನಡೆಸಿಕೊಂಡು ಹೋಗಿ, ಅಮ್ಮನ ಬೆಳ್ಳಗಿನ ಪಾಚಿ ಇದು, ನಮ್ಮದು ಅದು ಎಂದು ತೋರಿಸಬಹುದಿತ್ತು. ಸತ್ತ ನೀರಿನಲ್ಲಿ ಏನು ಕಾಣುತ್ತದೆ? ನೀರು ಕಾಣುತ್ತದೆ. ಫೂಮ್ ತಾತ ಸಬಾಸಬಾಕ್ಕೆ ಮಗಳ ಮನೆಗೆ ದೋಣಿಯಲ್ಲೇ ಹೋದರೆ ವಾರ ಕಳೆಯದೆ ಬರುವುದಿಲ್ಲ.

ತೀರ್ಪುಗಾರರು ಏನೂ ನೋಡದೆ ಹೋದರೆ ದೋಣಿ ಇಲ್ಲ. ದೋಣಿ ಇಲ್ಲದಿದ್ದರೆ ನಮ್ಮ ಎಂಟು ಚೀಲ ಎಂಟೇ. ಅಮ್ಮನ ಗೂಟ ಒಲೆಗೆ.

ನೀವು ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಒಂದೇ ಒಂದು ಹಗ್ಗ ಕಟ್ಟಿದ್ದರೂ ಇದು ನಿಮಗೆ ತಿಳಿದಿರುತ್ತಿತ್ತು. ಇದು ನನ್ನ ಮಾತು, ಬೀಬಿಯದಲ್ಲ.

ಮೀಜೆ


ದಾರ್ ಎಸ್ ಸಲಾಮ್
12 ಜೂನ್ 2023

ಪ್ರೀತಿಯ ಮೀಜೆ,

ಕಟ್ಟಿದ್ದೇನೆ. ಒಂದಲ್ಲ, ಎಷ್ಟು ಸಾವಿರವೋ.

ನಾನು ಪೆಂಬಾ ದ್ವೀಪದವಳು. ನಮ್ಮ ಕಡೆಗೆ ಪಾಚಿ ಬೆಳೆ ಬಂದ ಹೊಸದರಲ್ಲಿ ಅಮ್ಮ ಒಂದು ತುಂಡು ಹಿಡಿದಳು. ಹನ್ನೊಂದನೇ ವಯಸ್ಸಿನಿಂದ ಹದಿನಾರರವರೆಗೆ ರಜೆಯಲ್ಲೆಲ್ಲ ಅವಳ ಜೊತೆ ಬಗ್ಗಿ ನಿಂತಿದ್ದೇನೆ. ಆ ಹಗ್ಗಗಳೇ ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದವು. ಅಲ್ಲಿ ಉಬ್ಬರವಿಳಿತ ಒಂದು ಪಾಠವಾಗಿತ್ತು, ಚಂದ್ರನ ಚಿತ್ರದ ಸಮೇತ. ನನಗೆ ಪೂರ್ತಿ ಅಂಕ ಬಂದಿತ್ತು. ಮೇ ತಿಂಗಳಲ್ಲಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಸೋಮವಾರಕ್ಕೆ ಕೆಂಪು ಗೆರೆ ಹಾಕುವಾಗ ಆ ಚಿತ್ರವೂ ನೆನಪಾಗಲಿಲ್ಲ, ಅಮ್ಮನ ಬೆನ್ನೂ ನೆನಪಾಗಲಿಲ್ಲ.

ಇದನ್ನು ನಿನಗೆ ಜನವರಿಯಲ್ಲೇ ಯಾಕೆ ಹೇಳಲಿಲ್ಲ? ಪಕ್ಷಪಾತ ಎನಿಸಬಾರದೆಂದು ಎಂದುಕೊಂಡಿದ್ದೆ. ಈಗ ಅದು ನಿಜವೆನಿಸುತ್ತಿಲ್ಲ. ಇಲ್ಲಿಯವರು ನನ್ನನ್ನು ಪಟ್ಟಣದವಳೆಂದುಕೊಂಡಿದ್ದಾರೆ. ನಾನು ಯಾವತ್ತೂ ತಿದ್ದಲಿಲ್ಲ, ಅಷ್ಟೆ.

ದಿನ ಬದಲಿಸಲು ತೀರ್ಪುಗಾರರ ಮುಖ್ಯಸ್ಥ ಎನ್ಗೋವಿ ಅವರ ಹತ್ತಿರ ಹೋದೆ. “ಹಡಗಿನ ಟಿಕೆಟ್ ಆಗೋಗಿದೆ ಬೀ ರಾಯಾ. ಒಂದು ವಾರದಲ್ಲಿ ಸಮುದ್ರ ಎಲ್ಲಿಗೆ ಓಡಿಹೋಗುತ್ತೆ?” ಎಂದರು. “ದಿನಕ್ಕೆರಡು ಸಲ ಓಡುತ್ತೆ ಸಾರ್, ಆವತ್ತೊಂದು ದಿನ ಓಡಲ್ಲ” ಎಂದೆ. ಅವರು ಕಿಲಿಮಂಜಾರೋ ತಪ್ಪಲಿನವರು, ನಾನು ಹಾಸ್ಯ ಮಾಡುತ್ತಿದ್ದೇನೆಂದು ನಕ್ಕರು. ಎರಡನೇ ಸಲ ಬರಹದಲ್ಲಿ ಕೇಳಿದೆ. ಆಗುವುದಿಲ್ಲ ಎಂದು ಬರಹದಲ್ಲೇ ಬಂತು.

ತಪ್ಪು ನನ್ನದು, ಅದರ ಬೆಲೆ ನಿನ್ನ ಮೇಲೆ ಬಿದ್ದಿದೆ. ಸಮಾಧಾನದ ಮಾತು ಹೇಳಲಾರೆ. ಬೀಬಿಗೆ ಹೇಳು, ಚಂದ್ರ ನನ್ನ ಮನೆಯ ಮೇಲೂ ಬರುತ್ತಾನೆ. ಈಗ ದಿನವೂ ನೋಡುತ್ತಿದ್ದೇನೆ.

ರಾಯಾ


ಕಿಸಿಮಾನಿ
13 ಜುಲೈ 2023

ಬೀ ರಾಯಾ ಅವರಿಗೆ, ಶಿಕಮೂ, ಶಿಕಮೂ.

ಎರಡು ಸಲ ಹೇಳಿದ್ದು ಹಿಂದಿನ ಪತ್ರದಲ್ಲಿ ಒರಟಾಗಿ ಬರೆದದ್ದಕ್ಕೆ.

ಸೋಮವಾರ ಹನ್ನೊಂದು ಗಂಟೆಗೆ ಮೂವರು ಬಂದರು. ಎನ್ಗೋವಿ ಸಾಹೇಬರು ಹೊಳೆಯುವ ಶೂ ಹಾಕಿಕೊಂಡಿದ್ದರು. ನಿಮಗೆ ಗೊತ್ತಿರುವ ಹಾಗೆ ಕಡಲು ಸತ್ತು ಬಿದ್ದಿತ್ತು. ದೋಣಿಯೂ ಇಲ್ಲ. ಊರಿನ ಹೆಂಗಸರೆಲ್ಲ ಕೆಲಸವಿಲ್ಲದೆ ದಡದಲ್ಲೇ ತೆಂಗಿನ ನಾರು ಹೊಸೆಯುತ್ತ ಕೂತಿದ್ದರು. ಅಮ್ಮನೂ ಇದ್ದಳು.

“ಎಲ್ಲಮ್ಮಾ ನಿನ್ನ ತೋಟ?” ಎಂದರು ಸಾಹೇಬರು. ಅಲ್ಲಿ ಎಂದು ಕೈ ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಬಾಟಲಿ ತೇಲ್ತಿವೆ” ಎಂದರು. ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಆಗ ಬೀಬಿ ಎದ್ದಳು. ತಲೆಯ ಬಟ್ಟೆ ಬಿಗಿದು, ಮನೆಯ ಹಿಂದಿನಿಂದ ಹಳದಿ ಡಬ್ಬ ತಂದು, ಎದೆಗೆ ಕಟ್ಟಿಕೊಂಡಳು. ಇಡೀ ಊರು ನೋಡುತ್ತಿದೆ. “ಏನ್ ಮುದುಕೀ, ಎಣ್ಣೆ ತರೋಕೆ ಹೊರಟ್ಯಾ?” ಎಂದು ಯಾರೋ ಕೂಗಿದರು. “ಹೂಂ, ನಿನ್ನ ತಲೆಗೆ ಹಚ್ಚೋಕೆ” ಎಂದು ನೀರಿಗಿಳಿದೇಬಿಟ್ಟಳು. ಸೊಂಟ, ಎದೆ, ಆಮೇಲೆ ಕಾಲು ನೆಲ ಬಿಟ್ಟಿತು. ಕಜೀಜಾ ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಅಮ್ಮನ ಕಡೆ ನೋಡಲಿಲ್ಲ. ನೋಡಿದ್ದರೆ ಇಳಿಯುತ್ತಿರಲಿಲ್ಲ. ಡಬ್ಬ ಕಟ್ಟಿಕೊಂಡು ಏಳೂ ಜನ ಇಳಿದೆವು.

ಒಂದು ಚೀಲದ ಗಂಟು ಬಿಚ್ಚಿ, ಏಳು ಜನ ಎಳೆದುಕೊಂಡು ದಡದತ್ತ ಬಂದೆವು. ಆರು ತಿಂಗಳ ಹಿಂದೆ ಡಬ್ಬದಿಂದ ಕೈ ತೆಗೆಯಲು ಅಳುತ್ತಿದ್ದವರು! ಮೊಣಕಾಲು ನೀರಿನಲ್ಲಿ ಯಾರೋ ಬಂದು ಚೀಲದ ಇನ್ನೊಂದು ತುದಿ ಹಿಡಿದರು. ಅಮ್ಮ. ಪಾಚಿಯ ಒಂದು ಕೊಂಬೆ ಮುರಿದು, ಮೂಸಿ, ಬೆಳಕಿಗೆ ಹಿಡಿದಳು. ಹೆಬ್ಬೆರಳಿನಷ್ಟು ದಪ್ಪ, ಕಂದು, ಬಿಳಿಯ ಚುಕ್ಕೆ ಒಂದೂ ಇಲ್ಲ. “ಇದೇನಾ ನೀನು ದಿನಾ ಆರಿಸ್ತಿದ್ದ ಚಿಪ್ಪು?” ಎಂದಳು. “ರಮ್ಜಾನ್‌ನಿಂದ ಗೊತ್ತು ನಂಗೆ. ಒದ್ದೆ ಪೈಜಾಮ ಒಣಗಿ ಹಾಕ್ತಿದ್ದವಳು ನಾನಲ್ವಾ? ಚಿಪ್ಪು ಆರಿಸೋರು ಕತ್ತಿನ ತನಕ ಒದ್ದೆ ಆಗ್ತಾರಾ?” ಎಂದಳು. ಆಮೇಲೆ ತನ್ನ ಹೆಗಲಿನ ಬಟ್ಟೆ ತೆಗೆದು ನನ್ನ ಮೇಲೆ ಹೊದಿಸಿದಳು.

ಈಗ ಕೇಳಿ. ಸಾಹೇಬರು ದಡದಲ್ಲಿ ಕೂತ ಹೆಂಗಸರನ್ನು ತೋರಿಸಿ, “ಇವರೆಲ್ಲ ಯಾಕೆ ಸುಮ್ನೆ ಕೂತಿದ್ದಾರೆ? ಇವತ್ತು ರಜೆಯಾ?” ಎಂದರು.

“ಸತ್ತ ನೀರು ಸಾಹೇಬ್ರೇ. ಇಂಥಾ ದಿನ ನಾವು ತುಂಡಿನ ಹತ್ರಾನೂ ಹೋಗೋಕಾಗಲ್ಲ” ಎಂದಳು ಅಮ್ಮ.

“ಮತ್ತೆ ಇವರು ಹೋದ್ರಲ್ಲ?”

ಅಮ್ಮ ತೇಲುತ್ತಿದ್ದ ಬಾಟಲಿಗಳ ಕಡೆ ತಿರುಗಿ ನೋಡಿದಳು. ನನಗೂ ಆಗಲೇ ಹೊಳೆದದ್ದು ಬೀ ರಾಯಾ, ಅಲ್ಲಾಹನಾಣೆ. ನಾನು ತಣ್ಣನೆಯ ನೀರನ್ನಷ್ಟೇ ಹುಡುಕಿದ್ದೆ. ಬೀಬಿ ಮಾತ್ರ ಡಬ್ಬದ ಮೇಲೆ ಕೂತು ಬಟ್ಟೆ ಹಿಂಡುತ್ತ, “ತೇಲೋ ತೋಟಕ್ಕೆ ಇಳಿತ ಯಾಕೆ ಬೇಕು? ಇಷ್ಟು ದಿನ ಚಂದ್ರ ಹೇಳಿದಾಗ ಹೋಗ್ತಿದ್ವಿ. ಇನ್ಮೇಲೆ ನಮಗೆ ಬೇಕಾದಾಗ ಹೋಗ್ತೀವಿ” ಎಂದಳು. ಎನ್ಗೋವಿ ಸಾಹೇಬರು ಅದನ್ನು ಅವಳ ಬಾಯಿಂದ ಎರಡು ಸಲ ಹೇಳಿಸಿ ಬರೆದುಕೊಂಡರು. ಅಷ್ಟು ಹೊತ್ತಿಗೆ ಅವರ ಶೂ ಒಳಗೆ ನೀರು ಹೋಗಿತ್ತು.

ನಿಮ್ಮ ತಪ್ಪು ದಿನ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಹಾಗೆಂದು ಎಲ್ಲ ಮಾಫಿ ಆಯಿತು ಎಂದುಕೊಳ್ಳಬೇಡಿ ಎಂದು ಬೀಬಿ ಹೇಳುತ್ತಿದ್ದಾಳೆ. ನಗುತ್ತಲೇ ಹೇಳುತ್ತಿದ್ದಾಳೆ.

ವಸ್ಸಲಾಮ್,
ಮೀಜೆ


ದಾರ್ ಎಸ್ ಸಲಾಮ್
31 ಜುಲೈ 2023

ಪ್ರೀತಿಯ ಮೀಜೆ,

ಈ ಸಲವೂ ಮೊದಲ ಸಾಲಿನಲ್ಲೇ ಹೇಳುತ್ತೇನೆ: ದೋಣಿ ನಿಮ್ಮದು. ಕಟ್ಟಲು ಕೊಟ್ಟಿದ್ದಾರೆ, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಏನು ಹೆಸರು ಬರೆಸಬೇಕೆಂದು ಬಡಗಿ ಕೇಳಿದ್ದಾನೆ. ಏಳು ಜನ ಕೂತು ಜಗಳವಾಡಿ ತೀರ್ಮಾನಿಸಿ. ಇಲ್ಲ, ಎಂಟು ಜನ. ಅಮ್ಮನನ್ನೂ ಸೇರಿಸಿಕೊಳ್ಳಿ.

ತೀರ್ಪುಗಾರರ ವರದಿಯಲ್ಲಿ ನಿನ್ನ ಉಷ್ಣಾಂಶದ ಅಂಕಿಗಳಿಗೆ ಎರಡು ಸಾಲು, ಸತ್ತ ನೀರಿಗೆ ಒಂದು ಪುಟ. ಸಮಿತಿಯ ಸಭೆಯಲ್ಲಿ ಎನ್ಗೋವಿ ಅವರು ಅರ್ಧ ಚಂದ್ರ ಎಂದರೇನು, ದೊಡ್ಡ ಇಳಿತ ಎಂದರೇನು ಎಂದು ಎಲ್ಲರಿಗೂ ವಿವರಿಸಿದರು. ಒಂದು ಕಡೆ ತಪ್ಪಿದರು. ನಾನು ಎದ್ದು ತಿದ್ದಿದೆ. “ನಿಮಗೆ ಇದೆಲ್ಲ ಹೇಗೆ ಗೊತ್ತು?” ಎಂದು ಯಾರೋ ಕೇಳಿದರು. ನಮ್ಮಮ್ಮ ಪಾಚಿ ಬೆಳೆಯುತ್ತಿದ್ದಳು ಎಂದೆ. ಹನ್ನೆರಡು ವರ್ಷದಿಂದ ಅದೇ ಮೇಜಿನ ಸುತ್ತ ಕೂರುತ್ತಿದ್ದೇವೆ. ಒಂದು ಸಾಲು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತೋ ತಿಳಿಯದು. ಹೇಳಿದ ಮೇಲೆ ಚಹಾ ಬಂತು, ಕುಡಿದೆವು, ಅಷ್ಟೆ.

ಜೂನ್ ಪತ್ರದಲ್ಲಿ ಒಂದು ಮಾತು ಬರೆಯದೆ ಬಿಟ್ಟಿದ್ದೆ. ನನಗೆ ಈಜು ಬರುವುದಿಲ್ಲ. ದ್ವೀಪದಲ್ಲಿ ಹುಟ್ಟಿ, ಐದು ವರ್ಷ ಕಡಲಿನಲ್ಲಿ ನಿಂತು ಹಗ್ಗ ಕಟ್ಟಿ, ನಲವತ್ತನಾಲ್ಕು ವಯಸ್ಸಾದರೂ ಸೊಂಟದ ಮೇಲೆ ನೀರು ಬಂದರೆ ಹಿಂದೆ ಸರಿಯುತ್ತೇನೆ.

ಆಗಸ್ಟ್ 8 ನಾನೆನಾನೆ, ರೈತರ ದಿನ, ಕಚೇರಿಗೆ ರಜೆ. ಸ್ಪರ್ಧೆ ಮುಗಿದಿರುವುದರಿಂದ ಮಾರ್ಗದರ್ಶಿ ಬರಬಾರದೆಂಬ ನಿಯಮವೂ ಇಲ್ಲ. ಬೆಳಗಿನ ಹಡಗಿಗೆ ಬರುತ್ತೇನೆ. ಕ್ಯಾಲೆಂಡರ್ ಮುಚ್ಚಿಟ್ಟು ಬೆರಳು ಮಡಚಿ ಎಣಿಸಿದ್ದೇನೆ. ಬೀಬಿಯನ್ನು ಕೇಳಿ ಸರಿನೋಡು, ಆವತ್ತು ಸತ್ತ ನೀರು.

ನನಗೊಂದು ಹಳದಿ ಡಬ್ಬ ತೆಗೆದಿಟ್ಟಿರಿ. ದೊಡ್ಡದು.

ನಿನ್ನ,
ರಾಯಾ